ಬೋರಲಿಂಗನಿಗೆ ಬಾರದ ಒಂದು ಚೀಟಿ

ಮೊದ್ಲು ನಿನ್ ಕೂಸಿನ ತಲೆ ಮೇಲೆ ಕೈ ಮಡುಗು. ಮಡುಗ್ದ್ಯಾ? ಈಗ ಹೇಳು, ಈ ಪುಟ್ಲಚ್ಮಕ್ಕ ಹೇಳಿದ್ದು ಈ ಬಾಗ್ಲು ದಾಟಲ್ಲ ಅಂತ. ಹ್ಞಾ, ಹಂಗೆ. ಯಾರ ಕಿವಿಗೆ ಬಿದ್ರೂ ಸಂತೆ ದಿನ ಬರೋ ಆ ಕಾರಿನ ಡ್ರೈವರ್ ಕಿವಿಗೆ ಮಾತ್ರ ಬೀಳ್ಬಾರ್ದು. ನಾನೂ ಯಾರ್ಗೂ ಹೇಳಿಲ್ಲ ಕಣವ್ವ. ಹಾಲಿನ ರತ್ನಿಗೆ ಹೇಳ್ದೆ, ಅವ್ಳ ನಾದ್ನಿ ಪಕ್ಕದಲ್ಲೇ ನಿಂತಿದ್ಲು, ಅವ್ಳ ಕಿವೀಗೂ ಬಿತ್ತು, ಅಷ್ಟೇಯ. ನೀನು ಬಾಡಿಗೆಗೆ ಬಂದು ಇನ್ನೂ ಗಂಟು ಬಿಚ್ಚಿಲ್ಲ, ಪಕ್ಕದ ಮನೆ ಸಮಾಚಾರ ತಿಳ್ಕೊಳ್ದೆ ಹೆಂಗ್ ಬಾಳ್ವೆ ಮಾಡ್ತೀಯ? ಕಾಫಿ ಕುಡಿ, ಆರೋಯ್ತದೆ.

ಆ ಮನೇಲಿರೋಳು ದ್ಯಾವಮ್ಮ, ಸೊಪ್ಪು ಮಾರೋಳು. ಅವ್ಳ ಮಗ ಬೋರಲಿಂಗ. ಮೀಸೇಲಿ ಬಿಳಿ ಕೂದ್ಲು ಇಣುಕ್ತಾ ಅವೆ, ಬುದ್ಧಿ ಮಾತ್ರ ಇನ್ನೂ ಬಸ್ ಹತ್ತಿಲ್ಲ. ಕೆಟ್ಟೋನಲ್ಲ. ಹೇಳ್ದಂಗೆ ಮಾಡೋನು. ಅದೇ ಬಂದಿರೋ ಕಷ್ಟ. ಬಾಗ್ಲು ನೋಡ್ಕೊ ಅಂದ್ರೆ ಬೆಳಗಿಂದ ಸಂಜೆಗಂಟ ಬಾಗ್ಲನ್ನೇ ನೋಡ್ಕೊಂಡು ಕೂತಿರೋನು. ಹಿತ್ಲಿಂದ ಕೋಳಿ ಎತ್ಕೊಂಡು ಹೋದ್ರೂ ಅವ್ನಿಗೇನು, ಹಿತ್ಲು ನೋಡ್ಕೊ ಅಂತ ಯಾರ್ ಹೇಳಿದ್ರು?

ಬೀದೀಲಿ ಅವ್ನ ಮಾತಾಡ್ಸೋರು ಯಾರೂ ಇರ್ಲಿಲ್ಲ. ಕರೀತಿದ್ರು, ಕರೆದ್ಬುಟ್ಟು ನಗ್ತಿದ್ರು. ದ್ಯಾವಮ್ಮ ನನ್ ಜಗಲಿ ಮೇಲೆ ಸೊಪ್ಪಿನ ಮಂಕ್ರಿ ಇಳಿಸ್ದಾಗೆಲ್ಲ ಅದೊಂದೇ ಮಾತು. "ಅಕ್ಕಯ್ಯ, ನಾನು ಕಣ್ ಮುಚ್ಚಿದ್ಮೇಲೆ ಇವ್ನ 'ಉಂಡ್ಯಾ' ಅಂತ ಯಾರ್ ಕೇಳಾರು?" ನಾನು ಕೊತ್ತಂಬರಿ ಬಾಡೋಗದೆ ಅಂತ ಮಾತು ತಿರುಗ್ಸ್ತಿದ್ದೆ.

ಅಂಥಾದ್ರಲ್ಲಿ ಕ್ಲೇರಮ್ಮ ಬಂದ್ಲು. ಫ್ರಾನ್ಸ್ ದೇಶದೋಳು. ಆಲೆಮನೆ, ಬೆಲ್ಲದ ಅಚ್ಚು, ಕಬ್ಬಿನ ಸಿಪ್ಪೆ ಎಲ್ಲಾನೂ ಫೋಟೋ ತೆಗಿಯೋಳು. ದ್ಯಾವಮ್ಮನ ಮುಂದಿನ ಕೋಣೇಲಿ ಇದ್ಲು. ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು ನಮ್ ಥರಾನೇ ಮುದ್ದೆ ನುಂಗೋಳು. ಕನ್ನಡ ಕಲಿಯಕ್ಕೆ ಅಂತ ಒಂದು ಕಟ್ಟು ಚೀಟಿ ಮಡಿಕ್ಕೊಂಡಿದ್ಲು. ಒಂದೊಂದು ಚೀಟಿ ಮೇಲೆ ಒಂದೊಂದು ಚಿತ್ರ. ಬೋರಲಿಂಗನ ಮುಂದೆ ಹಿಡ್ದು ಇದೇನು ಅಂತ ಕೇಳೋಳು. ಇವ್ನು ಹಸ ಅನ್ನೋನು, ಬೆಂಕಿ ಅನ್ನೋನು, ಮೊಟ್ಟೆ ಅನ್ನೋನು. ಅವ್ಳು ತಲೆ ಆಡ್ಸಿ ತಿರುಗ ಹೇಳೋಳು. ಹುಟ್ದಾಗಿಂದ ಅವ್ನ ಯಾರಾರ ಒಂದು ವಿಷ್ಯ ಕೇಳಿದ್ದುಂಟಾ? ಅವ್ನ ಮುಖ ನೋಡ್ಬೇಕಿತ್ತು ನೀನು, ದೀಪ ಹಚ್ಚಿದಂಗೆ.

ಹೋಗ್ವಾಗ ಆ ಚೀಟಿ ಕಟ್ಟು ಇವ್ನಿಗೇ ಕೊಟ್ಬುಟ್ಟು ಹೋದ್ಲು. ಹಿಂದುಗಡೆ ಅವ್ರ ಭಾಷೆ ಮಾತನ್ನ ಕನ್ನಡ ಅಕ್ಷರದಲ್ಲಿ ಯಾರೋ ಮೇಷ್ಟ್ರ ಕೈಲಿ ಬರೆಸಿದ್ಲು. ತೊಣ್ಣೂರು ಕೆರೆ ಹತ್ರ ಅವ್ಳು ಒಂದು ಲಾಡ್ಜು ಮಾಡ್ತಾಳಂತೆ, ಅವ್ರ ದೇಶದೋರು ಬಂದು ಇರ್ತಾರಂತೆ. ದ್ಯಾವಮ್ಮನ ಮುಂದೆನೇ ಹೇಳಿದ್ಲು, "ಲಿಂಗ, ಚೀಟಿ ಎಲ್ಲಾ ಬಂದ ಮೇಲೆ ಬಾ. ಕೆಲಸ ಇದೆ. ಊಟ ಇದೆ. ಜನ ಇದ್ದಾರೆ." ಗೌರಿ ಹಬ್ಬಕ್ಕೆ ಬಂದು ಪರೀಕ್ಷೆ ಮಾಡ್ತೀನಿ ಅಂದ್ಲು.

ದ್ಯಾವಮ್ಮ ಅವತ್ತು ಸೆರಗಲ್ಲಿ ಕಣ್ಣು ಒರೆಸ್ಕೊಂಡ್ಳು. ಊಟ ಅಂದಿದ್ದಕ್ಕಲ್ಲ, ಜನ ಇದ್ದಾರೆ ಅಂದ್ಲಲ್ಲ, ಅದಕ್ಕೆ. ನಮ್ಮೂರಿಗೆ ಹಿಂದೆ ಫ್ರೆಂಚ್ ರಾಕ್ಸ್ ಅಂತ ಹೆಸ್ರಿತ್ತಂತೆ, ಟಿಪ್ಪು ಕಾಲದಲ್ಲಿ ಆ ದೇಶದ ಸಿಪಾಯಿಗಳು ಇಲ್ಲಿ ಬೀಡು ಬಿಟ್ಟಿದ್ರಂತೆ. ಹೋಗ್ವಾಗ ಒಂದು ಮಾತಾದ್ರೂ ಬುಟ್ಟೋದ್ರಾ? ಎಲ್ಲಾನೂ ಬೋರಲಿಂಗನೇ ಹೊಸ್ದಾಗಿ ಕಲೀಬೇಕಾಯ್ತು.

ಆದ್ರೆ ಚೀಟಿ ಅಂದ್ರೆ ಒಬ್ರು ಹಿಡೀಬೇಕು, ಒಬ್ರು ಹೇಳ್ಬೇಕು. ಹಿಡಿಯೋರೆಲ್ಲಿ? ದ್ಯಾವಮ್ಮ ಬೆಳಿಗ್ಗೆ ಮಂಕ್ರಿ ಹೊತ್ಕೊಂಡು ಹೋದ್ರೆ ಹೊತ್ತು ನೆತ್ತಿಗೇರಿದ್ಮೇಲೇ ಬರೋದು. ನನ್ ಜಗಲಿಗೂ ಬಂದ. ನಂಗೇನು ಕೆಲ್ಸ ಇಲ್ವಾ? ನಾಳೆ ಬಾ ಅಂದೆ. ಹೇಳ್ದಂಗೇ ನಾಳೆ ಬಂದ. ಮತ್ತೆ ನಾಳೆ ಬಾ ಅಂದೆ. ಮತ್ತೆ ಬಂದ. ಆಮೇಲೆ ಗೋಡೆ ಕನ್ನಡೀಲಿರೋನಿಗೆ ಚೀಟಿ ತೋರಿಸ್ತಾ ನಿಂತ್ಕೊಳ್ತಿದ್ದ. ಅವ್ನೂ ಇವ್ನಿಗೆ ಅದೇ ಚೀಟಿ ತೋರಿಸ್ತಿದ್ದ. ಇಬ್ರೂ ಸುಮ್ನೆ, ಉತ್ತರ ಹೇಳೋರಿಲ್ಲ.

ದ್ಯಾವಮ್ಮ ಇದನ್ನ ನೋಡಿದ್ಲು. ಕ್ಲೇರಮ್ಮ ಸಾಮಾನಿಗೆ ಚೀಟಿ ಅಂಟ್ಸಿ ಕಲೀತಿದ್ದದ್ದು ಅವ್ಳ ನೆಪ್ಪಿಗೆ ಬಂತು. ನೀನೂ ಯಾವ ಚೀಟಿ ಯಾವುದ್ದೋ ಅದಕ್ಕೆ ಅಂಟ್ಸು ಕಣೋ, ಓಡಾಡ್ತಾ ನೋಡ್ತಿದ್ರೆ ಬತ್ತದೆ ಅಂದು ಸಂತೆಗೆ ಹೋದ್ಲು.

ಹೇಳ್ದಂಗೇ ಮಾಡ್ದ ಕಣವ್ವ, ಹೇಳ್ದಂಗೇ. ರಾಗಿ ಅಂಬಲಿ ಕಾಯ್ಸಿ ಅಂಟು ಮಾಡ್ದ. ಬಾಗ್ಲಿಗೆ ಬಾಗ್ಲು ಚೀಟಿ, ಉಪ್ಪಿನ ಮಡಕೆಗೆ ಉಪ್ಪಿನ ಚೀಟಿ. ನನ್ ಹಸೀನ ಹಣೆಗೆ ಹಸೀನ ಚೀಟಿ. ಅಂಬಲಿ ವಾಸ್ನೆ ಬಿಡ್ತದಾ ಅದು? ಪಕ್ಕದಲ್ಲಿದ್ದ ಕರ ನೆಕ್ಕಿ ನೆಕ್ಕಿ ಅರ್ಧ ಚೀಟಿ ತಿಂತು. ಮಾರ್ನೆ ದಿನ ದ್ಯಾವಮ್ಮ ಸೊಪ್ಪು ಹೊತ್ಕೊಂಡು ಇಡೀ ಊರು ಸುತ್ತಿದ್ಲು. ಊರೆಲ್ಲ ಹಲ್ ಕಿಸೀತು, ಯಾಕೆ ಅಂತ ಅವ್ಳಿಗೆ ತಿಳೀಲಿಲ್ಲ. ಯಾರೂ ಹೇಳ್ಲೂ ಇಲ್ಲ. ಮನೆಗ್ ಬಂದು ಸೆರಗು ಬಿಚ್ದಾಗ ನೋಡ್ತಾಳೆ, ಬೆನ್ನಿಗೆ ತಾಯಿ ಚೀಟಿ ಅಂಟ್ಸವ್ನೆ, ತುರುಬು ಕಟ್ಟಿರೋ ಹೆಂಗ್ಸಿನ ಚಿತ್ರ.

ಹಣೆ ಹಣೆ ಚಚ್ಕೊಂಡ್ಳು. ಅಂಟಿಸ್ಬೇಡ ಕಣೋ ಮುಂಡೇದೆ, ಕೈಲಿಟ್ಕೊ, ಏನ್ ಕಂಡ್ತೋ ಆ ಚೀಟಿ ಎತ್ತಿ ಹಿಡಿ, ಅಷ್ಟು ಸಾಕು ಅಂದ್ಲು.

ಅದನ್ನೂ ಹೇಳ್ದಂಗೇ ಮಾಡ್ದ. ಒಂದಿನ ನಿಂಗೇಗೌಡನ ಹುಲ್ಲಿನ ಮೆದೆಗೆ ಕಿಡಿ ಬಿತ್ತು. ಮೊದ್ಲು ಕಂಡೋನು ನಮ್ಮ ಬೋರಲಿಂಗನೇ. ಜೇಬಿಂದ ಕಟ್ಟು ತೆಗ್ದು, ಹುಡುಕಿ ಹುಡುಕಿ ಬೆಂಕಿ ಚೀಟಿ ತೆಗ್ದ. ಗೌಡ ಜಗಲೀಲಿ ಕೂತು ಎಲೆ ಅಡಿಕೆ ಹಾಕ್ತಿದ್ದ. ಇವ್ನು ಅವ್ನ ಮೂಗಿನ ಮುಂದೆ ಚೀಟಿ ಹಿಡ್ದ. ಗೌಡ, ಚಿತ್ರ ಚೆನ್ನಾಗದೆ ಕಣ್ಲಾ, ಹೋಗು ಅಂದ. ಅವ್ನ ಹೆಂಡ್ತಿಗೆ ತೋರಿಸ್ದ, ಆಳಿಗೆ ತೋರಿಸ್ದ, ಬೀದೀಲಿ ಹೋಗೋರಿಗೆಲ್ಲ ತೋರಿಸ್ದ. ಎಲ್ರೂ ನಕ್ರು. ಹಿಂದೆ ಮೆದೆ ಧಗಧಗ ಅಂತದೆ, ಮುಂದೆ ಇವ್ನು ಚೀಟಿ ಹಿಡ್ಕೊಂಡು ಬೆವರ್ತಾ ನಿಂತವ್ನೆ.

ಮೆದೆ ಬೂದಿ ಆದ್ಮೇಲೆ ಗೌಡ ಅವ್ನ ಕಿವಿ ಹಿಂಡ್ದ. ಕಂಡಿದ್ದನ್ನ ಬಾಯ್ಬಿಟ್ಟು ಕೂಗ್ಬೇಕು ಕಣ್ಲಾ ಬೆಪ್ಪೆ, ನಾಕ್ ಮನೆಗೆ ಕೇಳಂಗೆ ಕೂಗ್ಬೇಕು ಅಂದ.

ಆ ಬುದ್ಧಿವಾದ ನೇರವಾಗಿ ನಮ್ಮನೆಗೇ ಬಂತು ನೋಡು. ನನ್ ಮಗಳು ಚಂದ್ರಕಲಾನ ನೋಡಕ್ಕೆ ಕೆ.ಆರ್. ಪೇಟೆಯಿಂದ ಗಂಡಿನ ಕಡೆಯೋರು ಬಂದಿದ್ರು. ಗಂಡಿನ ಸೋದರಮಾವ ನಡುಮಧ್ಯ ಕೂತಿದ್ದ, ತಲೆ ಮೇಲೆ ಒಂದು ಕೂದ್ಲಿಲ್ಲ. ದ್ಯಾವಮ್ಮ ಒಗ್ಗರಣೆಗೆ ಕರಿಬೇವು ಕೊಟ್ಟು ಬಾ ಅಂತ ಇವ್ನ ಕಳ್ಸಿದ್ಲು. ನಾನು ಬಾಗ್ಲಲ್ಲೇ ತಡೀತಿದ್ದೆ, ಆದ್ರೆ ಕೈಲಿ ಉಪ್ಪಿಟ್ಟಿನ ತಟ್ಟೆ ಇತ್ತು. ಬಂದೋನೇ ಗಂಡಿನ ತಾಯಿ ಕಂಡು "ಮೇರ್" ಅಂತ ಕೂಗ್ದ. ಅವ್ರ ಭಾಷೇಲಿ ತಾಯಿಗೆ ಹಂಗಂತಾರಂತೆ. ಕದ ಕಂಡು "ಪೋರ್ತ್" ಅಂದ. ಆಮೇಲೆ ಸೋದರಮಾವನ ತಲೆ ಕಂಡ. ಸ್ವಲ್ಪ ಹೊತ್ತು ಯೋಚ್ನೆ ಮಾಡ್ದ. ಮೊಟ್ಟೆ ಚೀಟಿ ತೆಗ್ದು ತಲೆ ಪಕ್ಕ ಹಿಡ್ದು, ಸರಿಯಾಗದೆ ಅಂತ ನೋಡ್ಕೊಂಡು, ನಾಕ್ ಮನೆಗೆ ಕೇಳಂಗೆ "ಅಫ್" ಅಂತ ಕೂಗ್ದ.

ಅವ್ರು ನಕ್ಕೊಂಡು ಒಪ್ಕೊಂಡ್ರು ಅನ್ನು, ಚಂದ್ರಿ ಮದ್ವೆ ಆಯ್ತು, ಹೋದ್ಲು. ಅವತ್ತು ಮಾತ್ರ ನನ್ ಜೀವ ಬಾಯಿಗೆ ಬಂದಿತ್ತು. ಹಿತ್ಲಿಗೆ ಎಳ್ಕೊಂಡೋಗಿ ನೀರಿಳಿಸ್ದೆ. ನನ್ ಮಗಳು ಪರೀಕ್ಷೆಗೆ ಓದ್ತಿದ್ದದ್ದು ನೋಡಿದ್ದೆನಲ್ಲ, ಅದನ್ನೇ ಹೇಳ್ದೆ. ಬಾಯಿ ಮುಚ್ಕೊಂಡು ಓದೋ. ಬಂದಿದ್ದನ್ನ ಪೆಟ್ಟಿಗೆಗೆ ಹಾಕಿ ಮುಚ್ಚು, ಅದರ ಕಡೆ ತಿರುಗೂ ನೋಡ್ಬೇಡ. ಬರದೇ ಇರೋದನ್ನ ಮುಂದಿಟ್ಕೊಂಡು ಕಣ್ ಬಿಟ್ಟು ನೋಡು. ಹಂಗೆ ಓದಿದ್ರೆ ಯಾವ ಭಾಷೆ ಬರಲ್ಲ? ಒಳ್ಳೆ ಮಾತೇ ಹೇಳ್ದೆ ತಾನೆ?

ಹೇಳ್ದಂಗೇ ಮಾಡ್ದ, ಹೇಳ್ದಂಗೇ. ಉಪ್ಪಿನ ಚೀಟಿ ಬಂತು, ಪೆಟ್ಟಿಗೆಗೆ ಹಾಕ್ದ. ಚೀಟಿ ಒಂದೇ ಅಲ್ಲ, ಉಪ್ಪಿನ ಮಡಕೇನೂ ಹಾಕ್ದ. ಚೆಂಬು ಬಂತು, ಚೆಂಬು ಪೆಟ್ಟಿಗೆಗೆ. ಸೌಟು ಬಂತು, ಸೌಟು ಪೆಟ್ಟಿಗೆಗೆ. ಆ ಹಳೇ ಟ್ರಂಕಿನೊಳಗೆ ಒಂದು ಅಡಿಗೆಮನೆನೇ ಸೇರ್ಕೊಂತು. ದ್ಯಾವಮ್ಮ ಉಪ್ಪಿಲ್ದೆ ಸಾರು ಕುದ್ಸಿ ಊರೆಲ್ಲ ಬೈಕೊಂಡ್ಳು.

ಆಮೇಲೆ ತಾಯಿ ಚೀಟಿ ಬಂತು. ಚೀಟಿ ಹಾಕ್ದ. ದ್ಯಾವಮ್ಮ ಟ್ರಂಕಲ್ಲಿ ಹಿಡಿಸ್ತಾಳಾ? ಹಿಡಿಸಲ್ಲ. ಅದಕ್ಕೆ ಮುಖ ತಿರುಗಿಸ್ಬುಟ್ಟ.

ನಗ್ಬೇಡ. ಅವತ್ತಿಂದ ಅವ್ನು ಅವ್ಳ ಕಡೆ ನೋಡ್ಲಿಲ್ಲ. ಗೋಡೆ ಕಡೆ ತಿರುಗಿ ಮುದ್ದೆ ಉಂಡ. ಅವ್ಳು ಕರೆದ್ರೆ ಓ ಅನ್ನಲ್ಲ. ಬೆಳಿಗ್ಗೆ ಎದ್ದು ಬಸ್‌ಸ್ಟ್ಯಾಂಡಿಗೆ ಹೋಗಿ, ಗೊತ್ತಿಲ್ದೋರ ಮುಂದೆ ಕೂತು, ಬಾಯಿ ಮುಚ್ಕೊಂಡು ಅವ್ರ ಮುಖಾನೇ ನೋಡೋನು. ಅವ್ರು ಎದ್ದು ಬೇರೆ ಬೆಂಚಿಗೆ ಹೋಗೋರು. ಇವ್ನು ಅಲ್ಲಿಗೂ ಹೋಗೋನು.

ದ್ಯಾವಮ್ಮಂಗೆ ಬಾಯ್ತುಂಬ ಬೈಯಕ್ಕೆ ಒಬ್ಬ ಮಗ ಇದ್ದ, ಅವ್ನೂ ಇಲ್ದಂಗಾಯ್ತು. ಮನೇಲಿ ಸೊಪ್ಪಿನ ಜೊತೆ ಮಾತಾಡೋಳು. ದಂಟಿನ ಕಂತೆ ಕಟ್ತಾ, ನೀನಾದ್ರೂ ಹೇಳು, ಬಿಸಿಲು ಜಾಸ್ತಿ ಅಲ್ವಾ ಅನ್ನೋಳು. ಗೋಡೆ ಈಚೆ ನಂಗೆ ಕೇಳ್ತಿತ್ತು. ಒಂದಿನ ನನ್ ಜಗಲಿ ಮೇಲೆ ಕುಸಿದು ಕೂತ್ಲು. "ಅಕ್ಕಯ್ಯ, ಬೆನ್ ಮೇಲೆ ಚೀಟಿ ಅಂಟಿಸ್ದಾಗಾದ್ರೂ ನಾನು ಇದ್ದೆ," ಅಂದ್ಲು.

ಆಮೇಲೆ ಅವ್ಳೇ ಎದ್ದೋಗಿ ಅವ್ನ ಮುಂದೆ ನಿಂತ್ಲು. ಅವ್ನು ಈ ಕಡೆ ತಿರುಗ್ದ, ಅವ್ಳೂ ಈ ಕಡೆ ಬಂದ್ಲು. ಆ ಕಡೆ ತಿರುಗ್ದ, ಆ ಕಡೆ ಬಂದ್ಲು. ಗಲ್ಲ ಹಿಡ್ಕೊಂಡು ಕೇಳಿದ್ಲು.

"ಯಾಕ್ ಮಗ ನನ್ನ ನೋಡಲ್ಲ?"

"ನೀನು ನಂಗೆ ಬತ್ತೀಯಲ್ಲವ್ವ. ಬಂದಿದ್ದನ್ನ ನೋಡ್ಬಾರ್ದಂತೆ."

ದ್ಯಾವಮ್ಮ ಅವತ್ತು ಹಣೆ ಚಚ್ಕೊಳ್ಲಿಲ್ಲ. ಮೆಲ್ಲಗೆ ಹೇಳಿದ್ಲು. "ಹಂಗಾದ್ರೆ ನಾನು ಬರಲ್ಲ ಅನ್ನು. ಯಾರ್ ಕೇಳಿದ್ರೂ ಅವ್ವ ನಂಗೆ ಬರಲ್ಲ ಅನ್ನು. ನನ್ನ ಪೆಟ್ಟಿಗೆಗೆ ಹಾಕ್ಬೇಡ ಮಗ."

ಅವ್ನು ಎದ್ದೋಗಿ ಟ್ರಂಕು ತೆಗ್ದು ತಾಯಿ ಚೀಟಿ ಹುಡುಕಿ ಕಟ್ಟಿನ ಮೇಲೆ ಮಡುಗ್ದ.

ಗೌರಿ ಹಬ್ಬ ಬಂತು. ಕ್ಲೇರಮ್ಮನ ಕಾರು ಬಂತು. ಬೀದಿ ಬೀದಿನೇ ದ್ಯಾವಮ್ಮನ ಬಾಗ್ಲಲ್ಲಿ, ನಗಕ್ಕೆ ಅಂತ ಬಾಯಿ ರೆಡಿ ಮಾಡ್ಕೊಂಡು ನಿಂತಿತ್ತು. ನಾನೂ ಇದ್ದೆ, ಮುಂದೇನೇ. ಕ್ಲೇರಮ್ಮ ಚಾಪೆ ಮೇಲೆ ಕೂತು ಚೀಟಿ ಹಿಡಿದ್ಲು. ಕರ ತಿಂದು ಮಿಕ್ಕಿದ್ದ ಅರ್ಧ ಹಸ, ಅಂದ್ರೆ ವಾಷ್. ಉಪ್ಪು, ಅಂದ್ರೆ ಸೆಲ್. ಒಂದಾದ್ಮೇಲೆ ಒಂದು, ಬೋರಲಿಂಗ ತೊದಲ್ದೆ ಹೇಳ್ತಾ ಹೋದ. ಯಾರೂ ನಗ್ಲಿಲ್ಲ ಕಣವ್ವ. ನಿಂಗೇಗೌಡ ಬಾಯಲ್ಲಿದ್ದ ಎಲೆ ಅಡಿಕೆ ಅಗಿಯೋದ್ ಬಿಟ್ಟು ನೋಡ್ತಿದ್ದ. ದ್ಯಾವಮ್ಮ ಕದದ ಹಿಂದೆ ಕೈ ಮುಗ್ಕೊಂಡು ನಿಂತಿದ್ಲು.

ಕೊನೇಗೆ ಒಂದು ಉಳೀತು. ತುರುಬಿನ ಹೆಂಗ್ಸು.

"ಇದು ಏನು ಲಿಂಗ?"

"ಬರಲ್ಲ."

ಕ್ಲೇರಮ್ಮ ನಕ್ಕು ಇನ್ನೂ ಹತ್ರ ಹಿಡಿದ್ಲು. "ನೋಡು. ಸುಲಭ."

"ಬರಲ್ಲ. ಬಂದ್ರೆ ಪೆಟ್ಟಿಗೆಗೆ ಹಾಕ್ಬೇಕಾಯ್ತದೆ."

ಅವ್ಳಿಗೆ ಅರ್ಥ ಆಗ್ಲಿಲ್ಲ. ನಂಗಾಯ್ತು. ನಮ್ಮನೇಲಿ ಹೆಂಚು ಹಾರೋ ಹಂಗೆ "ಮೇರ್" ಅಂತ ಕೂಗಿದ್ನಲ್ಲ, ನಾನೇ ಕೇಳಿದ್ದೆ. ನನ್ ಬಾಯಿ ತುದೀಗೆ ಬಂದಿತ್ತು, ನುಂಗ್ಕೊಂಡೆ. ಯಾಕೆ ಅಂತ ಕೇಳ್ಬೇಡ.

ಕ್ಲೇರಮ್ಮ ಒಂದ್ ಹೋದ್ರೆ ಹೋಗ್ಲಿ, ನಾಳೆಯಿಂದ ಕೆಲ್ಸಕ್ಕೆ ಬಾ ಅಂದ್ಲು. ಸದ್ಯ ಗೆದ್ದ ಅಂದ್ಕೊಂಡ್ವಿ ಎಲ್ರೂ. ಬೋರಲಿಂಗ ಎದ್ದು ನಿಂತು ಚೀಟಿ ಕಟ್ಟು ಎದೆಗೆ ಅವಚ್ಕೊಂಡ. "ಎಲ್ಲಾ ಬಂದ್ಮೇಲೆ ಬಾ ಅಂದಿದ್ರಿ. ಒಂದು ಬಂದಿಲ್ಲ. ನಾನು ಬರಕ್ಕಾಗಲ್ಲ."

ಎಷ್ಟು ಹೇಳಿದ್ರೂ ಅಷ್ಟೇ. ಬಂದ್ಮೇಲೆ ಬತ್ತೀನಿ, ಬಂದ್ಮೇಲೆ ಬತ್ತೀನಿ. ಕಾರು ಹೋಯ್ತು. ಬಾಗ್ಲು ಖಾಲಿ ಆಯ್ತು. ಬೈಗುಳ ಈಗ ಬತ್ತದೆ ಅಂತ ನಾನು ಕಾದೆ. ದ್ಯಾವಮ್ಮ ಬಾಯಿ ತೆಗೆದ್ಲು. "ಉಂಡ್ಯಾ?" ಅಂದ್ಲು.

ಈಗ ಸಂತೆ ದಿನ ಸಂತೆ ದಿನ ಕ್ಲೇರಮ್ಮನ ಕಾರಿನ ಆ ಡ್ರೈವರ್ ಬಂದು ಹಾರನ್ ಹೊಡೀತಾನೆ. ಬಂತೇನೋ ಅಂತಾನೆ. ಇವ್ನು ಇಲ್ಲ ಅಂತಾನೆ. ಬಂದದೆ ಅಂತ ಯಾರಾರ ಬಾಯ್ ಬಿಟ್ರೆ ಇವ್ನ ಎತ್ ಹಾಕ್ಕೊಂಡ್ ಹೋಯ್ತಾನೆ. ಅದಕ್ಕೇ ಆಣೆ ಹಾಕ್ಸಿದ್ದು.

ದಿನಾ ಸಂಜೆ ಅವ್ವನ ಮುಂದೆ ಆ ಚೀಟಿ ಹಿಡೀತಾನೆ. ಇದ್ಯಾರು ಅಂತಾನೆ. ದ್ಯಾವಮ್ಮ ಹೇಳ್ತಾಳೆ. ಅವ್ಳ ತವರು, ಸತ್ತೋದ ತಂಗಿ, ಚಿಕ್ಕೋಳಾಗಿದ್ದಾಗ ತೊಣ್ಣೂರು ಕೆರೇಲಿ ಈಜಿದ್ದು. ಈ ಬೀದೀಲಿ ಯಾರೂ ಕೇಳದ್ದು, ಅವ್ಳು ನಂಗೂ ಹೇಳದ್ದು. ಎಲ್ಲಾ ಕೇಳ್ಬುಟ್ಟು ಅವ್ನು, ಬರ್ಲಿಲ್ಲವ್ವ, ಇನ್ನೊಂದ್ಸಲ ಹೇಳು ಅಂತಾನೆ. ಮತ್ತೆ ಮೊದ್ಲಿಂದ. ಗೋಡೆ ಈಚೆ ಎಲ್ಲಾ ಕೇಳ್ತದೆ ಕಣವ್ವ. ಚಂದ್ರಿ ಹೋದ್ಮೇಲೆ ನಮ್ಮನೇಲಿ ಸದ್ದೆಲ್ಲಿ, ಚೆನ್ನಾಗೇ ಕೇಳ್ತದೆ.

ದ್ಯಾವಮ್ಮ ಈಚೀಚೆಗೆ ಕೆಮ್ತಾಳೆ. ನಾನು ಹೇಳ್ದೆ ಡಾಕ್ಟ್ರಿಗೆ ತೋರ್ಸು ಅಂತ, ಅವ್ಳು ಅದೇ ಹಳೇ ಮಾತು ತೆಗೀತಾಳೆ, ನಾನ್ ಹೋದ್ಮೇಲೆ ಇವ್ನ ಯಾರು ಅಂತ... ತಾಳು. ಚಿಲ್ಕ ಅಲ್ಲಾಡ್ತು. ಅವ್ನೇ ಕಣೆ. ನಾಳೆ ಬಾ ಅಂತ ಯಾವತ್ತೋ ಅಂದಿದ್ದೆ, ಇವತ್ತಿಗೂ ಬತ್ತಾನೆ. ಹೊತ್ತು ತಪ್ಪಲ್ಲ. ನೀನು ಆ ಲೋಟ ಅತ್ಲಾಗ್ ಮಡುಗಿ ಚಾಪೇಲಿ ಜಾಗ ಮಾಡು. ಹೊಸ ಮುಖ ನೋಡಿ ದಿಟ್ಟಿಸ್ತಾನೆ, ಹೆದರ್ಬೇಡ, ನೀನಿನ್ನೂ ಅವ್ನಿಗೆ ಬಂದಿಲ್ಲ ಅಷ್ಟೇ. ಆಣೆ ನೆಪ್ಪಿರ್ಲಿ, ತುಟಿ ಪಿಟಕ್ ಅನ್ಬೇಡ. ಬಂದೆ ಕಣೋ, ಬಂದೆ, ಕದ ಮುರೀಬೇಡ. ಯಾವ್ ಚೀಟಿ ತಂದೆ ಇವತ್ತು? ಯಾಕ್ಲಾ ಮುಖ ಬಾಡದೆ, ಉಂಡ್ಯಾ?