ಮರಳಿ ಬಂದ ಕವಡೆ

ಥಾಯ್ ಚದುರಂಗದಲ್ಲಿ ಕವಡೆಯೇ ಕಾಲಾಳು. ಅದು ನೇರವಾಗಿ ಮುಂದಕ್ಕೇ ನಡೆಯಬೇಕು. ಆರನೆಯ ಸಾಲು ಮುಟ್ಟಿದಾಗ ಅದನ್ನು ಮಗುಚಿಟ್ಟು ಮಂತ್ರಿ ಮಾಡುತ್ತಾರೆ. ಆಮೇಲೆ ಅದು ಹಿಂದಕ್ಕೂ ಬರಬಹುದು, ಆದರೆ ಓರೆಯಾಗಿ ಒಂದೊಂದೇ ಮನೆ.

ಹೀಗೆ ಮಂತ್ರಿಯಾದ ಕವಡೆಯೊಂದಕ್ಕೆ ತಾನು ಹೊರಟ ಮೂರನೆಯ ಸಾಲು ನೆನಪಾಯಿತು. ಅಲ್ಲಿ ಅಕ್ಕಪಕ್ಕ ನಿಂತು ಹರಟುತ್ತಿದ್ದ ಗೆಳೆಯರು ನೆನಪಾದರು. ಅದು ಮೂರು ಓರೆ ಹೆಜ್ಜೆಯಿಟ್ಟು ಹಿಂತಿರುಗಿತು. ಸಾಲು ಬರಿದಾಗಿತ್ತು. ಹಳೆಯ ಮನೆ ಪಕ್ಕದಲ್ಲೇ ಇತ್ತು. ಓರೆ ನಡೆಯುವವರಿಗೆ ಮಾತ್ರ ಅಲ್ಲಿಗೆ ದಾರಿಯಿರಲಿಲ್ಲ.

ಆ ಮನೆಯ ಹಿಂದೆ ನಿಂತಿದ್ದ ಮುದಿ ರಾಜ ಕೇಳಿದ: "ಯಾರನ್ನು ಹುಡುಕುತ್ತೀಯಪ್ಪಾ?"

"ನನ್ನ ಜೊತೆಯವರನ್ನು, ಪ್ರಭು."

"ಅವರೆಲ್ಲ ಒಬ್ಬೊಬ್ಬರಾಗಿ ಬಿದ್ದರು. ನಿನ್ನ ದಾರಿ ತೆರವಾದದ್ದು ಹಾಗೆ."

ಕವಡೆ ಪಕ್ಕದ ಬರಿದಾದ ಮನೆಯತ್ತ ತಿರುಗಿತು. "ನನ್ನ ಮನೆಗೆ ನಾನಿನ್ನು ಕಾಲಿಡಲಾರೆ. ನೀವಾದರೂ ಬಂದು ನಿಲ್ಲಿ," ಎಂದಿತು. ರಾಜ ಬಂದು ನಿಂತ.

ಅಷ್ಟರಲ್ಲಿ, ನೇರವಾಗಿ ದೂರದವರೆಗೂ ನುಗ್ಗಬಲ್ಲ ಶತ್ರುವಿನ ದೋಣಿ ಅದೇ ಸಾಲಿಗೆ ಬಂತು. ನಡುವೆ ಕವಡೆಯಿತ್ತು. ಅದನ್ನು ಹೊಡೆದರೆ ಪಕ್ಕದ ರಾಜ ತನ್ನನ್ನು ಹೊಡೆಯುತ್ತಾನೆಂದು ಅರಿತು ದೋಣಿ ಅಲ್ಲೇ ನಿಂತಿತು.

"ಭಯವೇ?" ಎಂದ ರಾಜ.

"ಇಲ್ಲ ಪ್ರಭು. ಆಗಲೂ ಹೀಗೆಯೇ ಪಕ್ಕದಲ್ಲಿ ಯಾರಾದರೂ ಇರುತ್ತಿದ್ದರು."