ಜೇನು ಸಾಕಣೆಯ ಸಾಲಿನ ಹಿಂದೆ

ಹೇಮಲತ ಗ್ರಂಥಾಲಯ ವಿಜ್ಞಾನದಲ್ಲಿ ಎಂ.ಲಿಬ್ ಮುಗಿಸಿ ಮೂರು ವರ್ಷವಾಗಿತ್ತು. ಹನ್ನೊಂದು ಕಡೆ ಅರ್ಜಿ ಹಾಕಿದ್ದಳು. ನಾಲ್ಕು ಕಡೆಯಿಂದ ಉತ್ತರವೇ ಬರಲಿಲ್ಲ. ಉಳಿದ ಕಡೆಯಿಂದ ಬಂದ ಉತ್ತರಗಳು ಬರದಿದ್ದರೇ ಚೆನ್ನಾಗಿತ್ತು. ಮದುವೆ ಮನೆಗಳಲ್ಲಿ ಯಾರಾದರೂ ಏನು ಓದಿದ್ದೀಯಮ್ಮ ಎಂದು ಕೇಳಿದರೆ ಹೇಳುತ್ತಿದ್ದಳು. ಪುಸ್ತಕ ಜೋಡಿಸಿಡುವುದಕ್ಕೂ ಕಾಲೇಜಿಗೆ ಹೋಗಬೇಕಾ ಎಂದು ಅವರು ನಗುತ್ತಿದ್ದರು, ಆ ಮಾತನ್ನು ಜಗತ್ತಿನಲ್ಲಿ ತಾವೇ ಮೊದಲು ಆಡಿದವರ ಹಾಗೆ. ಇವಳೂ ಜೊತೆಗೆ ನಗುತ್ತಿದ್ದಳು. ಮನೆಗೆ ಬಂದ ಮೇಲೆ ಊಟ ಸೇರುತ್ತಿರಲಿಲ್ಲ.

ಸುಮ್ಮನೆ ಕೂತಿರಲಾರದೆ ಅವಳು ದಿನವೂ ಊರಿನ ಗ್ರಂಥಾಲಯಕ್ಕೆ ಹೋಗುತ್ತಿದ್ದಳು. ಬಸ್ ಸ್ಟ್ಯಾಂಡಿನ ಹಿಂದಿನ ಹಳೆಯ ಹೆಂಚಿನ ಕಟ್ಟಡ ಅದು. ರುದ್ರಯ್ಯ ಎಂಬ ಹಿರಿಯರು ಮೂವತ್ತೊಂದು ವರ್ಷದಿಂದ ಅದನ್ನು ನೋಡಿಕೊಳ್ಳುತ್ತಿದ್ದರು. ಓದುಗರು ಮೇಜಿನ ಮೇಲೆ ಬಿಟ್ಟು ಹೋದ ಪುಸ್ತಕಗಳನ್ನು ಹೇಮಲತ ಅವುಗಳ ಬೆನ್ನಿನ ಮೇಲಿನ ಸಂಖ್ಯೆ ನೋಡಿ ತಿರುಗಿ ಜಾಗಕ್ಕೆ ಇಡುತ್ತಿದ್ದಳು. ಅವಳನ್ನು ಯಾರೂ ನೇಮಿಸಿರಲಿಲ್ಲ. ರುದ್ರಯ್ಯನವರ ಮಂಡಿನೋವು ಅವಳಿಗೆ ಆ ಕೆಲಸ ಕೊಟ್ಟಿತ್ತು, ಅಷ್ಟೆ.

ರುದ್ರಯ್ಯನವರಿಗೆ ಇದ್ದದ್ದು ಒಂದೇ ಹೆಮ್ಮೆ. ಇಷ್ಟು ವರ್ಷದಲ್ಲಿ ತಮ್ಮ ಕೈಯಲ್ಲಿ ಒಂದು ಪುಸ್ತಕವೂ ಕಳೆದಿಲ್ಲ. ಹರಿದದ್ದುಂಟು, ಗೆದ್ದಲು ಹಿಡಿದದ್ದುಂಟು, ಕಳೆದದ್ದಿಲ್ಲ. ಪುಸ್ತಕ ಜಾಗ ತಪ್ಪಿದರೆ ಕಳೆದ ಹಾಗೇ ಲೆಕ್ಕ, ನೋಡಿ ಇಡು ಎಂದು ಹೇಮಲತಳಿಗೆ ಮೊದಲ ದಿನವೇ ಹೇಳಿದ್ದರು. ಅವಳು ನೋಡಿಯೇ ಇಡುತ್ತಿದ್ದಳು.

ಭಾನುವಾರಗಳಲ್ಲಿ ಫರ್ಹಾನಾ ಬರುತ್ತಿದ್ದಳು. ಹೇಮಲತಳ ಜೊತೆಗೇ ಓದಿ ಅದೇ ಪದವಿ ಪಡೆದವಳು. ಹದಿನೆಂಟು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿದ್ದು, ವಾರದ ಆರು ದಿನ ಸಿಮೆಂಟು ಅಂಗಡಿಯೊಂದರಲ್ಲಿ ಬಿಲ್ಲು ಬರೆಯುತ್ತಿದ್ದಳು. ಗ್ರಂಥಾಲಯ ವಿಜ್ಞಾನದ ಪರೀಕ್ಷೆಗಳಿಗೆ ಆ ಗ್ರಂಥಾಲಯದಲ್ಲಿ ಇದ್ದದ್ದು ಒಂದೇ ಒಂದು ಒಳ್ಳೆಯ ಗೈಡು. ನೀಲಿ ರಟ್ಟಿನದು, ಇಟ್ಟಿಗೆಯಷ್ಟು ದಪ್ಪ. ಅಂಗಡಿಗಳಲ್ಲಿ ಅದು ಸಿಗುವುದು ನಿಂತು ಬಹಳ ಕಾಲವಾಗಿತ್ತು. ಮನೆಗೆ ಒಯ್ಯುವಂತಿರಲಿಲ್ಲ, ಅಲ್ಲೇ ಕೂತು ಓದಬೇಕು. ಗೆಳತಿಯರಿಬ್ಬರೂ ಅದನ್ನು ನಡುವೆ ಇಟ್ಟುಕೊಂಡು ಒಬ್ಬರನ್ನೊಬ್ಬರು ಪ್ರಶ್ನೆ ಕೇಳುತ್ತಿದ್ದರು. ಹತ್ತು ಪ್ರಶ್ನೆಯಲ್ಲಿ ಫರ್ಹಾನಾ ಒಂಬತ್ತಕ್ಕೆ ಉತ್ತರ ಹೇಳುತ್ತಿದ್ದಳು, ಹೇಮಲತ ಏಳಕ್ಕೆ. ಇದರಿಂದ ಯಾರಿಗೂ ಬೇಸರವಿರಲಿಲ್ಲ. ಉತ್ತರ ಹೇಳಿದವರಿಗೆ ಸಿಗುವಂಥದ್ದು ಆಗ ಏನೂ ಇರಲಿಲ್ಲವಲ್ಲ.

ಆಮೇಲೆ ಸಿಗುವಂಥದ್ದು ಬಂತು. ಜಿಲ್ಲಾ ಕೇಂದ್ರದ ಕಾಲೇಜೊಂದು ಗ್ರಂಥಪಾಲಕರು ಬೇಕೆಂದು ಪ್ರಕಟಣೆ ಕೊಟ್ಟಿತು. ಹುದ್ದೆ ಒಂದೇ. ಲಿಖಿತ ಪರೀಕ್ಷೆಗೆ ಒಂದು ತಿಂಗಳಿತ್ತು. ಪ್ರಕಟಣೆಯನ್ನು ಮೊದಲು ಕಂಡು ಹೇಮಲತಳ ಫೋನಿಗೆ ಕಳಿಸಿದವಳು ಫರ್ಹಾನಾ.

ಆ ಶನಿವಾರ ಸಂಜೆ ಬಾಗಿಲು ಹಾಕುವ ಹೊತ್ತಿಗೆ ಹೇಮಲತ ನೀಲಿ ಗೈಡನ್ನು ಅದರ ಜಾಗಕ್ಕೆ ಇಡಲು ಹೋದಳು. ಇಡಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ನಾಲ್ಕು ಸಾಲು ದಾಟಿ ಕೃಷಿ ವಿಭಾಗಕ್ಕೆ ಬಂದಳು. ಯಾವ ಕಪಾಟಿಗೆ ಯಾರು ಬರುತ್ತಾರೆಂದು ಅವಳಷ್ಟು ಚೆನ್ನಾಗಿ ಬಲ್ಲವರು ಬೇರೆ ಇರಲಿಲ್ಲ. ರೇಷ್ಮೆಗೆ ಬರುತ್ತಾರೆ, ಕುರಿಗೆ ಬರುತ್ತಾರೆ, ಕೋಳಿಗೆ ಬರುತ್ತಾರೆ. ಜೇನು ಸಾಕಣೆಯ ಏಳು ಪುಸ್ತಕಗಳನ್ನು ಮಾತ್ರ ಹತ್ತು ವರ್ಷದಿಂದ ಯಾರೂ ಮುಟ್ಟಿರಲಿಲ್ಲ. ಆ ಏಳರ ಹಿಂದೆ, ಗೋಡೆಗೆ ಆನಿಸಿ, ಗೈಡನ್ನು ಇಟ್ಟಳು. ಅವಳು ಕಲಿತ ವಿದ್ಯೆ ಅವಳಿಗೆ ಮೊದಲ ಸಲ ಪೂರ್ತಿಯಾಗಿ ಉಪಯೋಗಕ್ಕೆ ಬಂದದ್ದು ಅವತ್ತು ಎಂದು ಹೇಳಲು ನನಗೇ ನಾಚಿಕೆಯಾಗುತ್ತದೆ.

ಅವಳಿಗೂ ಸಮಾಧಾನವೇನೂ ಇರಲಿಲ್ಲ. ಆದರೆ ಸಮಾಧಾನ ಮಾಡಿಕೊಳ್ಳುವ ದಾರಿ ಮನಸ್ಸಿಗೆ ಬೇಗ ಸಿಗುತ್ತದೆ. ಕದ್ದಿಲ್ಲ, ಪುಸ್ತಕ ಕಟ್ಟಡದ ಒಳಗೇ ಇದೆ, ಒಂದು ತಿಂಗಳ ಮಟ್ಟಿಗೆ ತಾನೆ ಎಂದುಕೊಂಡು ಮನೆಗೆ ಹೋದಳು.

ಮರುದಿನ ಫರ್ಹಾನಾ ಬಂದು ಹುಡುಕಿದಳು. ಸಿಗಲಿಲ್ಲ. ರುದ್ರಯ್ಯನವರಿಗೆ ಹೇಳಿದಳು. ಅವರು ನೋವಿನ ಮಂಡಿಯಲ್ಲೇ ಸ್ಟೂಲು ಹತ್ತಿ ಇಳಿದರು, ರಟ್ಟು ಕಟ್ಟಿಸಲು ಎತ್ತಿಟ್ಟ ಪುಸ್ತಕಗಳ ರಾಶಿಯನ್ನೆಲ್ಲ ಕೆದಕಿದರು. ಕೊನೆಗೆ ಹೇಮಲತಳ ಕಡೆ ತಿರುಗಿದರು.

"ನೀನೇನಾದ್ರೂ ನೋಡ್ದಾ ಮಗಾ?"

"ಇಲ್ಲ ಸರ್."

ನಾಲಗೆ ಒಂದಿಷ್ಟೂ ತೊದಲಲಿಲ್ಲ. ಅದನ್ನು ಕಂಡು ಅವಳಿಗೇ ಹೆದರಿಕೆಯಾಯಿತು.

ಮುಂದಿನ ಭಾನುವಾರವೂ ಫರ್ಹಾನಾ ಬಂದಳು, ಅದರ ಮುಂದಿನದಕ್ಕೂ ಬಂದಳು. ಗೈಡಿನಿಂದ ತನಗೆ ನೆನಪಿದ್ದ ಪ್ರಶ್ನೆಗಳನ್ನೆಲ್ಲ ಬಿಲ್ಲಿನ ಕಾಗದದ ಹಿಂದೆ ಬರೆದುಕೊಂಡು ಬಂದಿದ್ದಳು. ನಿನಗೂ ಗೈಡು ಸಿಗುತ್ತಿಲ್ಲವಲ್ಲ, ನೀನೂ ನೋಡಿಕೋ ಎಂದು ಹೇಮಲತಳಿಗೂ ಒಂದು ಪ್ರತಿ ಕೊಟ್ಟಳು. ಹೇಮಲತ ತೆಗೆದುಕೊಂಡಳು. ವಾರದ ಉಳಿದ ದಿನಗಳಲ್ಲಿ ಕೃಷಿ ಕಪಾಟುಗಳ ಸಂದಿಯಲ್ಲಿ ನೆಲದ ಮೇಲೆ ಕೂತು, ಏಳು ಪುಸ್ತಕ ಸರಿಸಿ, ಗೈಡು ತೆಗೆದು ಓದಿ, ತಿರುಗಿ ಮುಚ್ಚಿಡುತ್ತಿದ್ದಳು.

ಅದೇ ಸಮಯಕ್ಕೆ ರುದ್ರಯ್ಯನವರ ನಿವೃತ್ತಿಯೂ ಹತ್ತಿರ ಬಂದಿತ್ತು. ಚಾರ್ಜು ವಹಿಸಿಕೊಡುವ ಮೊದಲು ರಿಜಿಸ್ಟರ್ ಹಿಡಿದು ಒಂದೊಂದು ಪುಸ್ತಕಕ್ಕೂ ಟಿಕ್ ಹಾಕಬೇಕು. ಅವರು ಸಂಖ್ಯೆ ಓದುವುದು, ಹೇಮಲತ ಕಪಾಟು ನೋಡಿ ಇದೆ ಎನ್ನುವುದು, ಹೀಗೆ ಒಂಬತ್ತು ದಿನ ನಡೆಯಿತು. ಕೃಷಿ ವಿಭಾಗ ಬಂದಾಗ ಅವರು ಎದ್ದು ಬರಲು ಹೊರಟರು. ಬಗ್ಗಿ ನೋಡಬೇಕಾಗುತ್ತದೆ, ನೀವು ಕೂತಿರಿ ಸರ್, ಇದನ್ನು ನಾನೇ ಮುಗಿಸುತ್ತೇನೆ ಎಂದಳು. ನನ್ನ ಮಗಳಿದ್ದರೂ ಇಷ್ಟು ಮಾಡುತ್ತಿರಲಿಲ್ಲ ಎಂದು ಅವರು ಕೂತರು.

ಕೊನೆಗೆ ಒಂದೇ ಒಂದು ಸಾಲಿಗೆ ಟಿಕ್ ಬೀಳಲಿಲ್ಲ. ರುದ್ರಯ್ಯನವರು ಪೆನ್ನಿನ ಮುಚ್ಚಳ ಹಾಕಿ ಬಹಳ ಹೊತ್ತು ಆ ಸಾಲನ್ನೇ ನೋಡಿದರು. ಭಾನುವಾರ ಫರ್ಹಾನಾ ಬಂದಾಗ, ವಯಸ್ಸಾಯಿತು ಕಣಮ್ಮ, ನಾನೇ ಎಲ್ಲೋ ಕಳೆದೆ, ತಪ್ಪು ತಿಳಿಯಬೇಡ ಎಂದು ಕೇಳಿಕೊಂಡರು. ಅವಳಿಗಿಂತ ಮೂವತ್ತೈದು ವರ್ಷ ದೊಡ್ಡವರು ಅವಳ ಮುಂದೆ ತಲೆ ತಗ್ಗಿಸಿ ನಿಂತಿದ್ದರು. ಹೇಮಲತ ಪಕ್ಕದ ಮೇಜಿನಲ್ಲಿ ದಿನಪತ್ರಿಕೆ ಮಡಿಸುತ್ತಿದ್ದಳು. ಮಡಿಸಿದ್ದನ್ನೇ ಮತ್ತೆ ಬಿಚ್ಚಿ ಮಡಿಸಿದಳು.

ಪರೀಕ್ಷೆ ನಡೆಯಿತು. ಸಂದರ್ಶನಕ್ಕೆ ಐದು ಜನರನ್ನು ಕರೆದರು. ಹೇಮಲತ ಐವರಲ್ಲಿ ಒಬ್ಬಳು. ಫರ್ಹಾನಾ ಎರಡು ಅಂಕದಿಂದ ತಪ್ಪಿದ್ದಳು. ಆದರೂ ಫೋನು ಮಾಡಿ, ನಮ್ಮಿಬ್ಬರಲ್ಲಿ ಒಬ್ಬಳಿಗಾದರೂ ಸಿಗಲಿ ಬಿಡು ಎಂದಳು. ಪರೀಕ್ಷೆ ಮುಗಿದ ಮೇಲೆ ಗೈಡನ್ನು ಅದರ ಜಾಗಕ್ಕೆ ಇಟ್ಟುಬಿಡಬೇಕೆಂದು ಹೇಮಲತ ದಿನವೂ ಅಂದುಕೊಳ್ಳುತ್ತಿದ್ದಳು. ಎಲ್ಲಿತ್ತು ಎಂದು ಕೇಳಿದರೆ ಏನು ಹೇಳುವುದು? ದಿನವೂ ಹಾಗೇ ಮನೆಗೆ ಹೋಗುತ್ತಿದ್ದಳು.

ಸಂದರ್ಶನಕ್ಕೆ ಹೊರಡುವಾಗ ರುದ್ರಯ್ಯನವರು ಒಂದು ಅನುಭವ ಪತ್ರ ಬರೆದು, ಲಕೋಟೆಗೆ ಹಾಕಿ, ಅಂಟಿಸಿ ಕೊಟ್ಟರು. ಕಾಲೇಜಿನಲ್ಲಿ ಮೂವರು ಕೂತಿದ್ದರು. ಪ್ರಾಂಶುಪಾಲರು ಹೆಂಗಸು, ದಪ್ಪ ಕನ್ನಡಕದವರು. ಲಕೋಟೆ ಒಡೆದು ಉಳಿದಿಬ್ಬರಿಗೂ ಕೇಳುವಂತೆ ಓದಿದರು.

"ಈ ಹುಡುಗಿ ಎರಡು ವರ್ಷ ಸಂಬಳವಿಲ್ಲದೆ ನಮ್ಮಲ್ಲಿ ಕೆಲಸ ಮಾಡಿದ್ದಾಳೆ. ಇವಳು ಇಟ್ಟ ಪುಸ್ತಕ ಜಾಗ ತಪ್ಪಿದ್ದನ್ನು ನಾನು ಕಂಡಿಲ್ಲ. ನನ್ನ ಮೂವತ್ತೊಂದು ವರ್ಷದ ಸೇವೆಯಲ್ಲಿ ನಾನು ಒಂದು ಪುಸ್ತಕ ಕಳೆದಿದ್ದೇನೆ. ಇವಳ ಕೈಗೆ ಕೊಟ್ಟಿದ್ದರೆ ಅದೂ ಕಳೆಯುತ್ತಿರಲಿಲ್ಲ."

ಮೂವರೂ ಮೆಚ್ಚಿ ತಲೆಯಾಡಿಸಿದರು. ಹೇಮಲತಳ ಮುಖ ಕೆಂಪಾಯಿತು. ಹೊಗಳಿಕೆಗೆ ಸಂಕೋಚಪಡುತ್ತಾಳೆ, ಒಳ್ಳೆಯ ಹುಡುಗಿ ಎಂದು ಅವರು ತಿಳಿದರು. ಗ್ರಂಥಾಲಯದಲ್ಲಿ ಪುಸ್ತಕಗಳು ಕಳೆಯುವುದು ಹೇಗೆ ಎಂದು ಪ್ರಾಂಶುಪಾಲರು ಕೇಳಿದರು. ಆ ಪ್ರಶ್ನೆ ಗೈಡಿನಲ್ಲಿತ್ತು. ಉತ್ತರದಲ್ಲಿ ನಾಲ್ಕು ಅಂಶಗಳಿದ್ದವು. ನಾಲ್ಕನ್ನೂ ಹೇಳಿದಳು. ಮೂರನೆಯದು, ಓದುಗರೇ ಬೇಕೆಂದು ಬೇರೆ ಕಪಾಟಿನಲ್ಲಿ ಅಡಗಿಸಿಡುವುದು. ಅದನ್ನೂ ಹೇಳಿದಳು. ಐವರ ಸರದಿ ಮುಗಿದ ಮೇಲೆ ಅವಳನ್ನೇ ಒಳಗೆ ಕರೆದು, ಸೋಮವಾರ ಬಂದು ನೇಮಕದ ಆದೇಶ ತೆಗೆದುಕೊಂಡು ಹೋಗಿ ಎಂದರು.

ಮೂರು ವರ್ಷದಿಂದ ಕಾದಿದ್ದ ಮಾತು ಅದು. ಬಸ್ಸಿನಲ್ಲಿ ಕೂತು ಅಮ್ಮನಿಗೆ ಫೋನು ಮಾಡಲು ಹೊರಟಳು. ಮಾಡಲು ಆಗಲಿಲ್ಲ. ಇವಳ ಕೈಗೆ ಕೊಟ್ಟಿದ್ದರೆ ಅದೂ ಕಳೆಯುತ್ತಿರಲಿಲ್ಲ ಎಂಬ ಮಾತು ಊರು ಬರುವವರೆಗೂ ಅವಳನ್ನು ಬಿಡಲಿಲ್ಲ. ಅವಳು ಮನೆಗೆ ಹೋಗದೆ ನೇರವಾಗಿ ಗ್ರಂಥಾಲಯಕ್ಕೆ ಹೋದಳು.

ಅದು ರುದ್ರಯ್ಯನವರ ಕೊನೆಯ ದಿನ. ಮೇಜಿನ ಮೇಲೆ ರಿಜಿಸ್ಟರ್ ತೆರೆದಿತ್ತು. ಟಿಕ್ ಬೀಳದ ಸಾಲಿನ ಮುಂದೆ, ನನ್ನ ಅಜಾಗರೂಕತೆಯಿಂದ ಕಳೆದಿದೆ ಎಂದು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು. ರುಜು ಹಾಕುವುದೊಂದು ಬಾಕಿಯಿತ್ತು. ಹೇಮಲತ ಕೃಷಿ ವಿಭಾಗಕ್ಕೆ ಹೋಗಿ, ಜೇನು ಸಾಕಣೆಯ ಏಳೂ ಪುಸ್ತಕಗಳನ್ನು ನೆಲಕ್ಕಿಳಿಸಿ, ಗೈಡನ್ನು ತಂದು ರಿಜಿಸ್ಟರಿನ ಮೇಲಿಟ್ಟಳು.

"ಇದು ಕಳೆದಿರ್ಲಿಲ್ಲ ಸರ್. ನಾನೇ ಬಚ್ಚಿಟ್ಟಿದ್ದೆ."

ರುದ್ರಯ್ಯನವರು ಮೊದಲು ಅವಳ ಮುಖ ನೋಡಲಿಲ್ಲ. ಪುಸ್ತಕ ಎತ್ತಿಕೊಂಡು, ಸಂಖ್ಯೆ ನೋಡಿ, ಅಂಗಿಯ ಅಂಚಿನಿಂದ ಧೂಳು ಒರೆಸಿದರು.

"ಹಂಗಾದ್ರೆ ನಾನು ಕಳೀಲಿಲ್ಲ" ಎಂದರು. ಅವರ ಮುಖ ಅರಳಿತ್ತು. "ನಾನು ಕಳೀಲಿಲ್ಲ, ನೋಡು ಮಗಾ."

ಆ ಸಂತೋಷವನ್ನು ನೋಡಿಕೊಂಡು ನಿಲ್ಲುವುದು ಹೇಮಲತಳಿಗೆ ಕಷ್ಟವಾಯಿತು. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ತಾನು ಇಷ್ಟು ದಿನ ಈ ಮನುಷ್ಯನ ಎದೆಯ ಮೇಲೆ ಏನು ಹೇರಿದ್ದೆ ಎನ್ನುವುದು ಅವಳಿಗೆ ತಿಳಿದದ್ದು ಅದು ಇಳಿದುಹೋದದ್ದನ್ನು ಕಂಡಾಗ. ಅಳು ಬಂತು. ಅವರ ಮುಂದೆ ಅಳುವುದಕ್ಕೂ ಮುಖವಿಲ್ಲ ಅನ್ನಿಸಿ ನುಂಗಿಕೊಂಡಳು.

ನಿಧಾನವಾಗಿ ಅವರಿಗೆ ಅವಳು ಹೇಳಿದ್ದು ಅರ್ಥವಾಯಿತು. ಕುರ್ಚಿಯಲ್ಲಿ ಕೂತರು. ಯಾಕೆ ಹೀಗೆ ಮಾಡಿದೆ ಎಂದು ಕೇಳಲಿಲ್ಲ. ಕಾಲೇಜಿನಲ್ಲಿ ಪತ್ರ ಓದಿದರಾ ಎಂದು ಮಾತ್ರ ಕೇಳಿದರು. ಓದಿದರು, ಕೆಲಸ ಕೊಟ್ಟಿದ್ದಾರೆ ಎಂದಳು.

"ಅದರಲ್ಲಿ ನನ್ನ ರುಜು ಐತಲ್ಲ ಮಗಾ" ಎಂದರು. "ನಾನು ಸುಳ್ಳಿಗೆ ರುಜು ಹಾಕ್ದಂಗಾಯ್ತು. ಅವರಿಗೆ ಇನ್ನೊಂದು ಕಾಗದ ಬರೀಬೇಕು. ನೀನೇ ಹೋಗಿ ಹೇಳಿದ್ರೆ ನಾನು ಬರೆಯೋದು ತಪ್ತದೆ."

ರಿಜಿಸ್ಟರಿನಲ್ಲಿ ಬರೆದದ್ದನ್ನು ಹೊಡೆದುಹಾಕಿ, ಟಿಕ್ ಹಾಕಿ, ರುಜು ಮಾಡಿ, ಗೈಡನ್ನೂ ರಿಜಿಸ್ಟರನ್ನೂ ಮುಂದೆ ಬರುವವರಿಗಾಗಿ ಬೀರುವಿನಲ್ಲಿಟ್ಟು ಬೀಗ ಹಾಕಿ ಅವರು ಮನೆಗೆ ಹೋದರು.

ಮರುದಿನ ಭಾನುವಾರ. ಫರ್ಹಾನಾ ಬರುವ ದಿನ. ಹೇಮಲತ ತಲೆನೋವೆಂದು ಹೇಳಿ ಮನೆಯಲ್ಲೇ ಮಲಗಿದಳು. ತಲೆನೋವು ಇರಲಿಲ್ಲ, ಧೈರ್ಯ ಇರಲಿಲ್ಲ.

ಸೋಮವಾರ ಕಾಲೇಜಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಪ್ರಾಂಶುಪಾಲರು ಮೇಜಿನ ಮೇಲಿದ್ದ ಆದೇಶವನ್ನು ಡ್ರಾಯರಿನ ಒಳಗೆ ಹಾಕಿದರು. ಬೇರೆ ಏನಾಗಿದ್ದರೂ ಯೋಚಿಸಬಹುದಿತ್ತು, ಪುಸ್ತಕ ಬಚ್ಚಿಟ್ಟವರ ಕೈಗೆ ಗ್ರಂಥಾಲಯದ ಬೀಗದ ಕೈ ಹೇಗೆ ಕೊಡಲಿ ಎಂದರು. ಪಟ್ಟಿಯಲ್ಲಿ ಎರಡನೆಯವರಾಗಿದ್ದ ಯಾರೋ ಬೇರೆ ಊರಿನವರಿಗೆ ಆ ಕೆಲಸ ಹೋಯಿತು. ಫರ್ಹಾನಾಗೆ ಏನೂ ಸಿಗಲಿಲ್ಲ. ನಿಜ ಹೇಳಿದ ಕೂಡಲೇ ಎಲ್ಲವೂ ಸರಿಹೋಗುವ ಕಥೆಗಳನ್ನು ನಾನೂ ಕೇಳಿದ್ದೇನೆ. ಇದು ಅಂಥದ್ದಲ್ಲ. ಮನೆಯಲ್ಲಿ ಹೇಮಲತ ಕೆಲಸ ಸಿಗಲಿಲ್ಲ ಎಂದಷ್ಟೇ ಹೇಳಿದಳು. ಪಾಪ, ಎಷ್ಟು ಕಷ್ಟಪಟ್ಟು ಓದಿದ್ದೆ ಎಂದು ಅಮ್ಮ ಸಮಾಧಾನ ಮಾಡಿದರು. ಅದನ್ನೂ ಕೇಳಿಸಿಕೊಳ್ಳಬೇಕಾಯಿತು.

ಮುಂದಿನ ಭಾನುವಾರ ಅವಳು ಗೈಡನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಬಸ್ಸಿಳಿದು ಬಂದ ಫರ್ಹಾನಾ ಪುಸ್ತಕ ನೋಡಿ ಖುಷಿಯಿಂದ ಎರಡು ಹೆಜ್ಜೆ ಬೇಗ ಬಂದಳು. ಹೇಮಲತ ನಡೆದದ್ದೆಲ್ಲವನ್ನೂ ಹೇಳಿದಳು. ಫರ್ಹಾನಾ ಹೆಗಲ ಚೀಲ ಇಳಿಸದೆ ಕೇಳಿಸಿಕೊಂಡಳು.

"ನಂಗೆ ಭಾನುವಾರ ಒಂದೇ ದಿನ ಬಿಡುವು ಅಂತ ಎಲ್ರಿಗಿಂತ ಚೆನ್ನಾಗಿ ನಿಂಗೆ ಗೊತ್ತಿತ್ತು ಕಣೆ" ಎಂದಳು.

ಫರ್ಹಾನಾ ಪುಸ್ತಕ ತೆಗೆದುಕೊಂಡು ದೂರದ ಮೇಜಿಗೆ ಹೋಗಿ ಒಬ್ಬಳೇ ಕೂತಳು. ಎರಡು ತಿಂಗಳಲ್ಲಿ ಇನ್ನೊಂದು ಕಾಲೇಜಿನ ಪರೀಕ್ಷೆ ಇತ್ತು. ಹೇಮಲತ ಮೇಜಿನ ಮೇಲಿದ್ದ ಪುಸ್ತಕಗಳನ್ನು ಜಾಗಕ್ಕೆ ಇಡತೊಡಗಿದಳು. ಹೊಸದಾಗಿ ಚಾರ್ಜು ತೆಗೆದುಕೊಂಡವರಿಗೆ ಅವಳೇ ಎಲ್ಲವನ್ನೂ ಹೇಳಿದ್ದಳು. ಅವಳು ಕಪಾಟಿನ ಕಡೆ ಹೋದಾಗಲೆಲ್ಲ ಅವರು ಕುರ್ಚಿಯಿಂದ ಸ್ವಲ್ಪ ಬಾಗಿ ನೋಡುತ್ತಿದ್ದರು. ನೋಡಲಿ, ನೋಡಬೇಕಾದ್ದೇ ಎಂದುಕೊಂಡಳು.

ನಾಲ್ಕು ಗಂಟೆಗೆ ಫರ್ಹಾನಾಳ ಬಸ್ಸು. ಎದ್ದು ಗೈಡನ್ನು ಹಿಡಿದು ಬಂದಳು. ಹೊಸಬರ ಮೇಜಿನ ಮೇಲೆ ಇಡುತ್ತಾಳೆ ಎಂದು ಹೇಮಲತ ದಾರಿ ಬಿಟ್ಟು ನಿಂತಳು. ಫರ್ಹಾನಾ ಅವಳ ಕೈಗೇ ಕೊಟ್ಟಳು.

"ಜಾಗಕ್ಕಿಡು. ಬರೋ ಭಾನುವಾರ ಬಂದು ಅ‌ಲ್ಲೇ ನೋಡ್ತೀನಿ."

ಅದು ಕ್ಷಮೆಯಲ್ಲವೆಂದು ಹೇಮಲತಳಿಗೆ ಗೊತ್ತಿತ್ತು. ಅವಳು ಗೈಡನ್ನು ಅದರ ಜಾಗದಲ್ಲಿಟ್ಟು, ಪುಸ್ತಕದ ಬೆನ್ನನ್ನು ಸಾಲಿಗೆ ಸರಿಮಾಡಿದಳು. ಆ ವಾರವೆಲ್ಲ ಬಾಗಿಲು ತೆರೆದ ಕೂಡಲೇ ಮೊದಲು ಹೋಗಿ ಅದು ಅಲ್ಲಿದೆಯೇ ಎಂದು ನೋಡುತ್ತಿದ್ದಳು. ಶನಿವಾರ ಸಂಜೆ ಮನೆಗೆ ಹೊರಟವಳು ಬಾಗಿಲಿನಿಂದ ತಿರುಗಿ ಬಂದು ಇನ್ನೊಮ್ಮೆ ನೋಡಿದಳು.

ನೀತಿ: ಕೆಲಸಕ್ಕಾಗಿ ಪೈಪೋಟಿ ಮಾಡುವುದು ತಪ್ಪಲ್ಲ, ಜೊತೆಗಾರರ ಕಣ್ಣಿಗೆ ದಾರಿ ಕಾಣದಂತೆ ಮಾಡುವುದು ತಪ್ಪು. ಯಾವ ಕೆಲಸವನ್ನು ಬಯಸುತ್ತೇವೋ ಆ ಕೆಲಸದ ಧರ್ಮವನ್ನೇ ಮುರಿದು ಅದನ್ನು ಗಳಿಸಿದರೆ, ಅದು ಕೈಗೆ ಬಂದ ದಿನವೇ ನಾವು ಅದಕ್ಕೆ ತಕ್ಕವರಲ್ಲವೆಂದು ತಿಳಿಯುತ್ತದೆ. ತಪ್ಪನ್ನು ಒಪ್ಪಿಕೊಂಡರೆ ಕಳೆದದ್ದೆಲ್ಲ ತಿರುಗಿ ಬರುವುದಿಲ್ಲ, ಆದರೆ ನಮ್ಮ ನಾಚಿಕೆಯನ್ನು ನಿರಪರಾಧಿಯೊಬ್ಬ ಹೊತ್ತು ನಿಲ್ಲುವುದು ತಪ್ಪುತ್ತದೆ.