ಬೊಗಸೆಗೆ ಬಂದ ಹೆಸರು

ತುಂಗಭದ್ರೆಯ ದಡದ ಆ ಆಶ್ರಮದಲ್ಲಿ ಅಮಾವಾಸ್ಯೆಗೊಂದು ಪದ್ಧತಿ. ತೀರಿಹೋದ ತಮ್ಮವರಿಗೆ ಯಾರೂ ತಾವೇ ನೀರು ಬಿಡುವಂತಿಲ್ಲ. ಪಕ್ಕದಲ್ಲಿ ನಿಂತವರಿಗೆ ಹೆಸರು ಹೇಳಬೇಕು, ಅವರು ಬಿಡಬೇಕು. ನೀನು ಯಾವ ಜಾತಿ, ಯಾವ ದೇಶ ಎಂದು ಗುರು ಸಿದ್ದಯ್ಯಜ್ಜ ಯಾರನ್ನೂ ಕೇಳುತ್ತಿರಲಿಲ್ಲ.

ಇಸ್ರೇಲಿನಿಂದ ಬಂದ ಶಿಷ್ಯ ನದಾವ್ ಒಂದು ಅಮಾವಾಸ್ಯೆಯ ಬೆಳಿಗ್ಗೆ ನೀರಿಗಿಳಿದ. ಪಕ್ಕದಲ್ಲಿ ನಿಂತಿದ್ದವಳು ಗಾಜಾದಿಂದ ಬಂದಿದ್ದ ಶಿಷ್ಯೆ ಹನಾನ್.

ನದಾವ್ ಸರ್ರನೆ ದಡ ಹತ್ತಿ ಚೀಲ ಹೆಗಲಿಗೇರಿಸಿದ.

"ಎಲ್ಲಿಗಪ್ಪಾ ಸವಾರಿ?" ಅಜ್ಜ ಕೇಳಿದರು.

"ಊರಿಗೆ, ಅಜ್ಜ. ನನ್ನ ತಮ್ಮನನ್ನು ಕೊಂದವರು ಅವಳ ಕಡೆಯವರು. ಅವನ ಹೆಸರು ಅವಳ ಬಾಯಲ್ಲಿ ಬರೋದು ಬೇಡ."

"ಆಯ್ತು, ಹೋಗು. ಅವಳೇನು ನಿನ್ನ ಕೈ ಹಿಡಿದು ನಿಲ್ಲಿಸಿಲ್ಲ."

ನದಾವ್ ಎರಡು ಹೆಜ್ಜೆ ಇಟ್ಟು ತಿರುಗಿದ. "ತಮ್ಮನಿಗೆ ನೀರು?"

"ಬಿಡುವವಳು ಅಲ್ಲೇ ನಿಂತಿದ್ದಾಳಲ್ಲ."

ಹನಾನ್ ಬೊಗಸೆ ತುಂಬಿ ಕಾಯುತ್ತಿದ್ದಳು. ನೀರು ಸೋರುತ್ತಿತ್ತು. ಬಗ್ಗಿ ಮತ್ತೆ ತುಂಬಿಕೊಳ್ಳುತ್ತಿದ್ದಳು.

"ಪಾಪ, ಅವಳೂ ಒಂದು ಹೆಸರು ಹೇಳಬೇಕು. ಕೇಳಬೇಕಾದವನು ಎದ್ದು ಬಂದುಬಿಟ್ಟ," ಅಂದರು ಅಜ್ಜ.

"ಅವಳ ಕಡೆಯೂ ಯಾರಾದರೂ ತೀರಿಹೋಗಿ..." ನದಾವ್ ನದಿಯತ್ತ ನೋಡಿದ. ಇಷ್ಟು ದಿನ ಅದು ಅವನಿಗೆ ಹೊಳೆದೇ ಇರಲಿಲ್ಲ.

ಚೀಲ ಇಳಿಸಿ ಮತ್ತೆ ನೀರಿಗಿಳಿದ.

"ನಿಮ್ಮವರು ಯಾರು?"

"ಮಗಳು. ಸಲ್ವಾ. ಬಾಂಬು ಬಿದ್ದಾಗ ನಿದ್ದೆಯಲ್ಲಿದ್ದಳು."

ನದಾವ್ ಬೊಗಸೆ ತುಂಬಿಕೊಂಡ. "ಸಲ್ವಾ" ಎಂದು ನೀರು ಬಿಟ್ಟ. ಹನಾನ್ ಮೇಲಿನ ಸಿಟ್ಟು ಪೂರ್ತಿ ಹೋಗಲಿಲ್ಲ. ಆದರೆ ಕಾಣದ ಆ ಮಗುವಿನ ಮೇಲೆ ತಡೆಯಲಾರದಷ್ಟು ಮರುಕ ಬಂತು.

"ನಿಮ್ಮ ತಮ್ಮ?" ಹನಾನ್ ಕೇಳಿದಳು.

"ಯೋತಮ್."

"ಮನೇಲಿ ಏನಂತ ಕರೀತಿದ್ರಿ?"

ಅದನ್ನು ಯಾರೂ ಕೇಳಿರಲಿಲ್ಲ. "ತೋಮಿ."

"ತೋಮಿ," ಎಂದಳು ಹನಾನ್, ಮಲಗಿದ ಮಗುವನ್ನು ಎಬ್ಬಿಸುವ ತಾಯಿಯ ಹಾಗೆ. ಬೊಗಸೆಯ ನೀರನ್ನು ಮೆಲ್ಲಗೆ ಬಿಟ್ಟಳು.

ನದಾವ್ ಅಲ್ಲೇ ನಿಂತು ಬಿಕ್ಕಿಬಿಕ್ಕಿ ಅತ್ತ.

ಅವನು ದಡಕ್ಕೆ ಬಂದಾಗ ಅಜ್ಜ ತಮ್ಮ ಹೆಗಲ ಮೇಲಿನ ವಸ್ತ್ರದಿಂದ ಅವನ ಮುಖ ಒರೆಸಿದರು.

"ಅಜ್ಜ, ನಮಗೂ ಅವರಿಗೂ ಶಾಂತಿ ಅನ್ನೋದು ಇದೆಯಾ? ಬಂದರೂ ಅದು ಉಳಿಯುತ್ತಾ?"

"ಮುಂದಿನ ಅಮಾವಾಸ್ಯೆಗೆ, ಯಾರೂ ಹೇಳಿಕೊಡದೆ ಹನಾನ್ ಮಗಳ ಹೆಸರು ನಿನ್ನ ಬಾಯಿಗೆ ಬಂದರೆ, ಆಗ ಕೇಳು ಮಗಾ."